ಗೋಡೆಗೆ ಮುಖ ಮಾಡಿ ಹೇಳಿದ ರಾಣಿಯ ಕಥೆ

ಸಾನ್ವಿ, ನೀನು ಕಥೆ ಹೇಳಿ ರೆಕಾರ್ಡ್ ಮಾಡುವ ಕಂಪನಿಗೆ ಸೇರಿದ ಸುದ್ದಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಆಮೇಲೆ ನೀನೇ ಫೋನ್ ಕಸಿದುಕೊಂಡು, "ಅಜ್ಜಿ, ಮಸ್ಕತ್‌ನಲ್ಲಿ ನೀನು ಮಾಡಿದ್ದೂ ಇದೇ ಅಲ್ವಾ? ವಾಟ್ ವಾಸ್ ಇಟ್ ಲೈಕ್?" ಎಂದು ಕೇಳಿದೆ. "ಒಳ್ಳೇದಿತ್ತು ಮಗಾ" ಎಂದು ಸುಮ್ಮನಾದೆ. ಯಾರಾದರೂ ಎದುರಿಗೆ ನಿಂತು ಪ್ರಶ್ನೆ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ, ಫೋನಿನಲ್ಲಿ ಕೇಳಿದರೂ ಅಷ್ಟೇ. ಆದ್ದರಿಂದ ಬರೆದು ಕಳಿಸುತ್ತಿದ್ದೇನೆ. ನಿನ್ನ ತಮ್ಮನಿಗೂ ಓದಿ ಹೇಳು. ಅವನಿಗೆ ಕನ್ನಡ ಓದಲು ಸೋಮಾರಿತನ.

ನಾನು ಓದಿದ್ದು ಕುಂದಾಪುರದ ಹತ್ತಿರದ ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ನಿಮ್ಮ ಅಜ್ಜ ಮಸ್ಕತ್‌ನ ಅಲ್ ಗುಬ್ರಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಫಿಟ್ಟರ್ ಆಗಿದ್ದರು. ಎಂಬತ್ತರ ದಶಕದ ನಡುವಿನಲ್ಲಿ ಒಂದು ಬೆಳಿಗ್ಗೆ ಡ್ಯೂಟಿಗೆ ಹೋದವರು ಎದೆನೋವು ಬಂದು ತೀರಿಕೊಂಡರು. ಆಗ ನಿನ್ನ ಅಮ್ಮ ವಾಣಿ ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು. ಗಲ್ಫ್‌ನಲ್ಲಿ ಗಂಡನ ವೀಸಾದ ಮೇಲೆ ಇರುವ ಹೆಂಗಸಿಗೆ, ಗಂಡ ಹೋದರೆ ನೆಲವೂ ಹೋದಂತೆ. ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ಮಗಳ ಶಾಲೆ. ನಿಮ್ಮ ಅಜ್ಜನಿಗೆ ವಾಣಿ ಅದೇ ಶಾಲೆಯಲ್ಲಿ ಹನ್ನೆರಡನೆಯದು ಮುಗಿಸಬೇಕೆಂಬ ಆಸೆ ಇತ್ತು. ನನ್ನ ಕೆಲಸದ ಬದುಕೆಲ್ಲ ಆ ಒಂದು ಆಸೆಗೆ ಕಟ್ಟಿದ್ದು. ಉಳಿದದ್ದು ಆಮೇಲೆ ಬಂತು.

ನಿಮ್ಮ ಅಜ್ಜನ ಮೇಲಧಿಕಾರಿಯ ಹೆಂಡತಿ ಗ್ವೆನ್ ಮೇಡಂ ನನ್ನನ್ನು ಮನೆಗೆಲಸಕ್ಕೆ ಇಟ್ಟುಕೊಂಡರು. ಅವರ ಗಂಡ ಕಂಪನಿಯಲ್ಲಿ ಮಾತಾಡಿ, ನಾನೂ ವಾಣಿಯೂ ಅಲ್ಲೇ ಉಳಿಯುವ ದಾರಿ ಮಾಡಿಕೊಟ್ಟರು. ಗ್ವೆನ್ ಮೇಡಂ ವೇಲ್ಸ್‌ನವರು. ಅದು ಇಂಗ್ಲೆಂಡಿನ ಪಕ್ಕದ ಗುಡ್ಡಗಳ ನಾಡು. ಅಲ್ಲಿನವರಿಗೆ ತಮ್ಮದೇ ಭಾಷೆ ಇದೆ. ಮೇಡಂ ತಾಯಿಯ ಹತ್ತಿರ ಫೋನಿನಲ್ಲಿ ಆ ಭಾಷೆಯಲ್ಲಿ ಮಾತಾಡುವಾಗ ಅವರ ಮುಖವೇ ಬೇರೆಯಾಗುತ್ತಿತ್ತು. ಶಾಲೆಯಲ್ಲಿ ಒಂದು ಭಾಷೆ, ಒಲೆಯ ಮುಂದೆ ಒಂದು ಭಾಷೆ ಎನ್ನುವುದು ನನಗೂ ಗೊತ್ತಿದ್ದ ವಿಷಯ. ಅದರಿಂದಲೇ ಇರಬೇಕು, ಅವರ ಹತ್ತಿರ ನನಗೆ ಅಷ್ಟು ಅಂಜಿಕೆ ಆಗಲಿಲ್ಲ.

ಮೇಡಂಗೆ ಒಂದು ಹುಚ್ಚು. ಅವರ ನಾಡಿನಲ್ಲಿ ನೂರಾರು ವರ್ಷಗಳ ಹಿಂದೆ ಕೈಯಲ್ಲಿ ಬರೆದಿಟ್ಟ ಹಳೆಯ ಕಥೆಗಳಿದ್ದವು. ಅವನ್ನು ಅವರು ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದರು. ಅವನ್ನೇ ಕ್ಯಾಸೆಟ್ಟಿಗೆ ಹೇಳಿ, ಪರಿಚಯದ ಮಕ್ಕಳಿಗೆ ಕೊಡುತ್ತಿದ್ದರು. ಶಾಲೆಯಿಂದ ಬಂದ ವಾಣಿಯನ್ನು ಕೂರಿಸಿಕೊಂಡು ಹೇಳುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಾ ಅರ್ಧ ಕೇಳುತ್ತಿದ್ದೆ, ಅರ್ಧ ವಾಣಿಯಿಂದ ತಿಳಿಯುತ್ತಿದ್ದೆ.

ನಾನು ಕೇಳಿದ ಮೊದಲ ಕಥೆ ಇದು. ರಾಜನೊಬ್ಬ ದಿಬ್ಬದ ಮೇಲೆ ಕೂತಿರುವಾಗ, ಬಂಗಾರದ ಬಣ್ಣದ ಸೀರೆಯುಟ್ಟವಳೊಬ್ಬಳು ಬಿಳಿ ಕುದುರೆಯ ಮೇಲೆ ನಿಧಾನಕ್ಕೆ ಹೋಗುತ್ತಾಳೆ. (ಸೀರೆ ನನ್ನದು, ಮೇಡಂ ಹೇಳಿದ್ದು ಬೇರೆ ಏನೋ ಉಡುಪು.) ರಾಜನ ಆಳುಗಳು ಎಷ್ಟು ಜೋರು ಕುದುರೆ ಓಡಿಸಿದರೂ ಅವಳು ಸಿಗುವುದಿಲ್ಲ. ಅವಳ ಕುದುರೆಯಾದರೋ ನಡೆಯುತ್ತಲೇ ಇದೆ. ಕೊನೆಗೆ ರಾಜನೇ ಬೆನ್ನು ಹತ್ತಿ, ಸೋತು, "ಸ್ವಲ್ಪ ನಿಲ್ಲುತ್ತೀಯಾ?" ಎಂದು ಕೂಗುತ್ತಾನೆ. ಅವಳು ನಿಲ್ಲುತ್ತಾಳೆ.

ಆ ಸಂಜೆ ಮೇಡಂ ಮನೆಯ ಹಿಂದಿನ ನಮ್ಮ ಕೋಣೆಯಲ್ಲಿ ಅದೇ ಕಥೆಯನ್ನು ವಾಣಿಗೆ ನಮ್ಮ ಮಾತಿನಲ್ಲಿ ತಿರುಗಿ ಹೇಳಿದೆ. "ಅವ್ಳ್ ತಿರ್ಗಿ ಕಂಡ್ ಎಂತ ಹೇಳ್ದ್ಲ್ ಗೊತ್ತಿತ್ತಾ? ಮೊದ್ಲೇ ಕೇಂಡಿದ್ರೆ ನಿನ್ ಕುದ್ರಿಗಾದ್ರೂ ಉಸುರ್ ಇರ್ತಿತ್ತಲ್ದಾ ಮಾರಾಯಾ!" ವಾಣಿ ಹೊಟ್ಟೆ ಹಿಡಿದು ನಕ್ಕಳು. ಬಾಗಿಲಲ್ಲಿ ಗ್ವೆನ್ ಮೇಡಂ ನಿಂತಿದ್ದರು. ಅವರಿಗೆ ಒಂದು ಅಕ್ಷರವೂ ಗೊತ್ತಾಗಿರಲಿಲ್ಲ. ಆದರೆ ವಾಣಿ ನಕ್ಕ ಜಾಗ ಸರಿಯಾದ ಜಾಗ ಎಂದು ಗೊತ್ತಾಗಿತ್ತು.

"ಇದನ್ನು ಮಷೀನಿಗೆ ಹೇಳು," ಎಂದರು.

ಮಷೀನಿನ ಮುಂದೆ ಕೂರಿಸಿದರು. ನನ್ನ ಬಾಯಿಂದ ಗಾಳಿಯೂ ಬರಲಿಲ್ಲ. ಮೇಡಂ ಎದುರು ಕೂತು ತಲೆಯಾಡಿಸಿ ಧೈರ್ಯ ಕೊಟ್ಟಷ್ಟೂ ನಾನು ಕುಗ್ಗಿದೆ. ಕೊನೆಗೆ ವಾಣಿಯೇ, "ಆಂಟಿ, ಅಮ್ಮನ್ನ ಗೋಡೆ ಕಡೆ ತಿರುಗಿಸಿ," ಎಂದಳು. ತಿರುಗಿಸಿದರು. ಬಿಳಿ ಗೋಡೆಗೆ ಮುಖ ಮಾಡಿದ್ದೇ ತಡ, ಮಾತು ನಲ್ಲಿ ಬಿಟ್ಟಂತೆ ಬಂತು. ಅಲ್ಲಿಂದ ಕೊನೆಯವರೆಗೂ ನಾನು ಎಲ್ಲಾ ಕಥೆಗಳನ್ನೂ ಗೋಡೆಗೇ ಹೇಳಿದ್ದು. ನಿನ್ನ ಕಂಪನಿಯಲ್ಲಿ ಗಾಜಿನ ಆಚೆ ಒಬ್ಬರು ಕೂತು ನೋಡುತ್ತಿರುತ್ತಾರಂತೆ. ನಿನಗೆ ಕಷ್ಟವಾದರೆ ನಾಚಿಕೆ ಬಿಟ್ಟು ಕುರ್ಚಿ ತಿರುಗಿಸಿಕೋ.

ಮೇಡಂ ಆ ಕ್ಯಾಸೆಟ್ಟನ್ನು ಮಸ್ಕತ್‌ನ ಹಳೆಯ ಬಂದರುಪೇಟೆ ಮತ್ರಾದ ಕಾಂತಿಭಾಯಿಗೆ ಕೊಟ್ಟರು. ಕಾಂತಿಭಾಯಿಯ ಮನೆಯವರು ತಲೆಮಾರುಗಳ ಹಿಂದೆ ಕಛ್‌ನಿಂದ ಹಡಗಿನಲ್ಲಿ ಬಂದು ಮತ್ರಾದ ಸೂಕ್‌ನಲ್ಲಿ, ಅಂದರೆ ಪೇಟೆಯ ಓಣಿಗಳಲ್ಲಿ, ಅಂಗಡಿ ಹಾಕಿ, ಒಮಾನಿಗಳೇ ಆಗಿಹೋಗಿದ್ದರು. ಕೆಳಗೆ ಬಟ್ಟೆ ಅಂಗಡಿ, ಪಕ್ಕದಲ್ಲಿ ಕ್ಯಾಸೆಟ್ ಅಂಗಡಿ. ಹಿಂದಿ, ಮಲಯಾಳಂ, ಬಲೂಚಿ ಹಾಡುಗಳ ನಡುವೆ ಕನ್ನಡದ್ದು ಏನೂ ಇರಲಿಲ್ಲ. "ಚಲೋ, ಕನ್ನಡ ಭೀ ರಖ್ತೇ ಹೈಂ," ಎಂದು ಅವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ವೀಸಾ ಅವರ ಹೆಸರಿಗೆ ಬಂತು. ಅವರೇ ಕಫೀಲ್, ನನ್ನ ವೀಸಾದ ಜವಾಬ್ದಾರಿ ಹೊತ್ತವರು. ಅವರು ಬೇಡ ಎಂದ ದಿನ ಊರಿಗೆ ವಿಮಾನ.

ಈಗ ಕೆಲಸದ ವಿಷಯ. ಬಟ್ಟೆ ಅಂಗಡಿಯ ಮೇಲಿನ ಗೋದಾಮೇ ನಮ್ಮ ಸ್ಟುಡಿಯೊ. ನಾಲ್ಕು ಸುತ್ತೂ ಬಟ್ಟೆಯ ಥಾನುಗಳು ಚಾವಣಿ ಮುಟ್ಟುವಷ್ಟು, ಸದ್ದೆಲ್ಲ ಅವುಗಳಲ್ಲೇ ಇಂಗಿಹೋಗುತ್ತಿತ್ತು. ಮಧ್ಯಾಹ್ನ ಊಟದ ನಂತರ ಮತ್ರಾದ ಅಂಗಡಿಗಳೆಲ್ಲ ಬಾಗಿಲು ಹಾಕಿ ಸಂಜೆ ತೆಗೆಯುತ್ತಾರೆ. ಆ ಹೊತ್ತಿನಲ್ಲೇ ರೆಕಾರ್ಡಿಂಗ್. ಓಣಿಯಲ್ಲಿ ಗಾಡಿ ಇಲ್ಲ, ಕೂಗಿಲ್ಲ. ಆದರೆ ಎಸಿ ಆರಿಸಬೇಕು. ಅದರ ಗುಂಯ್ ಶಬ್ದ ಟೇಪಿಗೆ ಹತ್ತುತ್ತದೆ. ಜೂನ್ ತಿಂಗಳ ಮತ್ರಾದಲ್ಲಿ, ಬಟ್ಟೆ ರಾಶಿಯ ನಡುವೆ, ಎಸಿ ಇಲ್ಲದೆ ಕೂತು ಹಿಮ ಬೀಳುವ ಕಾಡಿನ ಕಥೆ ಹೇಳುವುದು ಹೇಗಿರುತ್ತದೆ ಎಂದು ನೀನು ಊಹಿಸಿಕೋ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ನಾನು "ಥಂಡಿಯಲ್ಲಿ ರಾಜನ ಹಲ್ಲು ಕಟಕಟ" ಎನ್ನುತ್ತಿದ್ದೆ. ಕೇಳಲು ಬಂದು ಕೂರುತ್ತಿದ್ದ ಗ್ವೆನ್ ಮೇಡಂ ಕೆಂಪಗೆ ಬೆಂದುಹೋಗುತ್ತಿದ್ದರು, ಆದರೂ ಒಂದು ದಿನ ತಪ್ಪಿಸಲಿಲ್ಲ.

ಸಣ್ಣ ಪಾಠಗಳು ಅಲ್ಲೇ ಕಲಿತೆ. ಗಂಜಿ ಹಾಕಿದ ಸೀರೆ ಉಟ್ಟರೆ ಸರಸರ ಕೇಳುತ್ತದೆ, ಒಗೆದು ಮೆತ್ತಗಾದದ್ದೇ ಉಡಬೇಕು. ಬಳೆ ತೆಗೆಯಬೇಕಾದ ತೊಂದರೆ ನನಗಿರಲಿಲ್ಲ. ಮೊಸರನ್ನ ಉಂಡು ಕೂತರೆ ಹೊಟ್ಟೆ ಸುಮ್ಮನಿರುತ್ತದೆ, ಹುರುಳಿ ಸಾರು ಉಂಡರೆ ಅದೂ ಕಥೆ ಹೇಳಲು ಶುರು ಮಾಡುತ್ತದೆ. ಬರೆದದ್ದನ್ನು ಓದಬಾರದು. ಓದಿದರೆ ಶಾಲೆಯ ಹುಡುಗಿ ಪಾಠ ಒಪ್ಪಿಸಿದಂತೆ ಕೇಳುತ್ತದೆ. ಮೇಡಂ ಹೇಳಿದ್ದನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು, ದೋಸೆ ಹೊಯ್ಯುವಾಗ, ಟ್ಯಾಕ್ಸಿಯಲ್ಲಿ ಕೂತಾಗ ತಿರುವಿ ಹಾಕಿ, ಮೂರನೆಯ ದಿನ ಗೋಡೆಗೆ ಹೇಳುತ್ತಿದ್ದೆ.

ಹೆಸರುಗಳದ್ದು ದೊಡ್ಡ ಗೋಳು. ಆ ಭಾಷೆಯಲ್ಲಿ ಒಂದು ಅಕ್ಷರವಿದೆ, ಬೆಕ್ಕು ಸಿಟ್ಟು ಮಾಡಿದ ಹಾಗೆ ನಾಲಿಗೆಯ ಬದಿಯಿಂದ ಗಾಳಿ ಬಿಡಬೇಕು. ನಾನು ಬಿಟ್ಟರೆ ಮೈಕಿನ ಮೇಲೆ ಉಗುಳು. ಕೊನೆಗೆ ಮೇಡಂ ಸೋತು, "ನಿನಗೆ ಹೇಗೆ ಬೇಕೋ ಹಾಗೆ ಕರೆ," ಎಂದರು. ಬಿಳಿಕುದುರೆಯ ರಾಣಿ, ಹೂವಿನ ಹೆಣ್ಣು, ಸೇತುವೆಯಾದ ದೈತ್ಯ, ಹೀಗೆ ಕರೆದೆ. ಮೈಸೂರು ಕಡೆಯ ಒಬ್ಬ ಆಫೀಸರ್ ಅಂಗಡಿಗೆ ಬಂದು, "ಇದೇನ್ರೀ, ಇವರ ಕನ್ನಡ ಶುದ್ಧವಾಗಿಲ್ಲ," ಎಂದು ಕಾಂತಿಭಾಯಿಗೆ ಹಿಂದಿಯಲ್ಲಿ ದೂರಿದರಂತೆ. ಅವರು, "ಸಾಬ್, ಆಪ್ ಕಾ ಬಚ್ಚಾ ಸುನ್ತಾ ಹೈ?" ಎಂದು ಕೇಳಿದರು. "ಅದನ್ನೇ ಕೇಳ್ತಾನೆ, ಅದೇ ತೊಂದರೆ," ಎಂದು ಆ ಮಹಾಶಯರು ಇನ್ನೊಂದು ಕ್ಯಾಸೆಟ್ ತೆಗೆದುಕೊಂಡು ಹೋದರು.

ಎಡವಟ್ಟುಗಳೂ ಆದವು. ಸೇತುವೆಯಾದ ದೈತ್ಯನ ಕಥೆಯಲ್ಲಿ ಅವನ ತಲೆ ಕಡಿದ ಮೇಲೂ ಅದು ವರ್ಷಗಟ್ಟಲೆ ಗೆಳೆಯರ ಜೊತೆ ಹರಟೆ ಹೊಡೆಯುತ್ತದೆ. ಕೆಟ್ಟದ್ದಲ್ಲ ಆ ತಲೆ, ಒಳ್ಳೆಯ ಜೊತೆಗಾರ. ನಾನು ನಮ್ಮ ಊರಿನ ಒಬ್ಬ ಮುದುಕರ ಗಂಟಲನ್ನು ಅದಕ್ಕೆ ಕೊಟ್ಟೆ. ಎಷ್ಟು ಚೆನ್ನಾಗಿ ಬಂತೆಂದರೆ ಅಲ್ ಗುಬ್ರಾದ ಒಂದು ಬಿಲ್ಡಿಂಗಿನ ಮಕ್ಕಳು ಬಾತ್‌ರೂಮಿಗೆ ಒಬ್ಬರೇ ಹೋಗುವುದನ್ನು ನಿಲ್ಲಿಸಿದರು. ತಾಯಂದಿರು ಜಗಳಕ್ಕೆ ಬಂದರು.

ಇನ್ನೊಂದು ಎಡವಟ್ಟು ಅದಕ್ಕಿಂತ ದೊಡ್ಡದು. ನಮ್ಮ ಕಡೆ ಹೆಂಗಸರು ಕಥೆ ಹೇಳಿದರೆ ಕೊನೆಗೆ ಫಲ ಹೇಳದೆ ಏಳುವ ಕ್ರಮವಿಲ್ಲ. ಕೇಳಿದವರಿಗೆ ಸಂತಾನ, ಹೇಳಿದವರಿಗೆ ಸೌಭಾಗ್ಯ. ಬಾಯಿಗೆ ರೂಢಿ. ಮೂರು ಹಕ್ಕಿಗಳು ಹಾಡಿದರೆ ದುಃಖ ಮರೆಯುವ ಕಥೆಯೊಂದಿತ್ತು. ಅದು ಮುಗಿದ ಮೇಲೆ, "ಈ ಹಕ್ಕಿಗಳ ಕಥೆ ಕೇಳಿದವರ ಮನೆಯಲ್ಲಿ ದುಃಖ ನಿಲ್ಲದಿರಲಿ, ದೂರ ಇದ್ದವರು ಹತ್ತಿರ ಬರಲಿ," ಎಂದುಬಿಟ್ಟೆ. ಕೆಲವು ವಾರಗಳಲ್ಲಿ ಸುದ್ದಿ ಬಂತು. ಶುಕ್ರವಾರ ಬೆಳಿಗ್ಗೆ ತಲೆಗೆ ಮಿಂದು, ಟೇಪ್‌ರೆಕಾರ್ಡರಿನ ಮುಂದೆ ದೀಪ ಹಚ್ಚಿ, ಕಾಯಿ ಒಡೆದು, ಹೆಂಗಸರು ಆ ಕ್ಯಾಸೆಟ್ಟನ್ನು ವ್ರತದಂತೆ ಕೇಳುತ್ತಿದ್ದಾರೆ! ಉಡುಪಿಯ ಕ್ರಿಶ್ಚಿಯನ್ ಹೆಂಗಸು ಲೀನಾ ಬಾಯಿ ನನ್ನನ್ನು ಬಸ್‌ಸ್ಟಾಪಿನಲ್ಲಿ ಹಿಡಿದು, "ನಾವು ರೋಜರಿ ಆದ ಮೇಲೆ ಹಾಕಿದ್ರೆ ಅಡ್ಡಿ ಉಂಟಾ?" ಎಂದು ಗುಟ್ಟಾಗಿ ಕೇಳಿದರು. ಲೀನಾ ಬಾಯಿ ಬೌಷರ್‌ನ ಒಂದು ವಿಲ್ಲಾದಲ್ಲಿ ಆಯಾ ಆಗಿದ್ದವರು. ಅವರ ಹೆಸರು ಮುಂದೆ ಬರುತ್ತದೆ.

ವಾಣಿ ಇದನ್ನು ಗ್ವೆನ್ ಮೇಡಂಗೆ ಹೇಳಿದಾಗ ಅವರು ಹಣೆ ಒತ್ತಿಕೊಂಡು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಎಂಟುನೂರು ವರ್ಷದಲ್ಲಿ ನಮ್ಮ ಹಕ್ಕಿಗಳಿಗೆ ಯಾರೂ ತೆಂಗಿನಕಾಯಿ ಒಡೆದಿರಲಿಲ್ಲ," ಎಂದರು. ಅಂದಿನಿಂದ ಫಲ ಹೇಳುವುದನ್ನು ನಿಲ್ಲಿಸಿದೆ. ವ್ರತ ಮಾತ್ರ ನಿಲ್ಲಲಿಲ್ಲ.

ಕಾಂತಿಭಾಯಿಯದ್ದು ಒಂದು ವಿಚಿತ್ರ ಪದ್ಧತಿ. ಅವರಿಗೆ ಕನ್ನಡ ಬಾರದು. ಹೊಸ ಕ್ಯಾಸೆಟ್ಟಿನ ಪ್ರತಿಗಳನ್ನು ತೆಗೆಯುವ ಮೊದಲು, ಶುಕ್ರವಾರ ಸಂಜೆ ಅಂಗಡಿಯಲ್ಲಿ ಕನ್ನಡದ ಗಿರಾಕಿಗಳು ಸೇರಿದಾಗ ಅದನ್ನು ಹಾಕಿ, ತಾವು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬರೀ ಮುಖಗಳನ್ನು ನೋಡುತ್ತಿದ್ದರು. ಯಾರು ಕೈಯಲ್ಲಿದ್ದ ಬಳೆಯ ಡಬ್ಬಿ ಕೆಳಗಿಟ್ಟರು, ಯಾರು ಮಗುವಿಗೆ "ಶ್" ಎಂದರು, ಯಾರು ಹೊರಡುವುದನ್ನು ಮರೆತರು. ಮುಖಗಳು ಒಪ್ಪಿದರೆ, "ಯಲ್ಲಾ, ಛಾಪೋ," ಅಂದರೆ ನಡೆಯಲಿ, ಪ್ರತಿ ತೆಗೆಯಿರಿ. ಒಪ್ಪದಿದ್ದರೆ, "ಖಲಾಸ್." ಒಳಗಿನ ಪರದೆಯ ಹಿಂದೆ ನಿಂತು ನಾನು ಕಾಯುತ್ತಿದ್ದೆ. ಪರೀಕ್ಷೆ ಎಂದರೆ ಅದು. ನಿಮ್ಮ ಈಗಿನ ಲೈಕು, ಸ್ಟಾರು ಏನೇ ಇರಲಿ, ನನಗೆ ಸಿಕ್ಕ ಪರೀಕ್ಷಕರು ಹೊತ್ತು ಕಳೆಯಲು ಬಂದವರಲ್ಲ. ವಾರಕ್ಕೊಂದೇ ಅರ್ಧ ದಿನ ರಜೆ ಇದ್ದವರು.

ತೊಂಬತ್ತರ ದಶಕದ ಮೊದಲಲ್ಲಿ ಗ್ವೆನ್ ಮೇಡಂ ಗಂಡನ ಕಾಂಟ್ರ್ಯಾಕ್ಟ್ ಮುಗಿಯಿತು. ಹೊರಡುವ ಮೊದಲು ಅವರು ಒಂದೇ ಕಥೆ ಉಳಿಸಿಕೊಂಡಿದ್ದರು. ಕಾಂತಿಭಾಯಿ ನನ್ನನ್ನು ಕರೆದು ನೇರವಾಗಿ ಹೇಳಿದರು. "ದೇಖೋ ಬೆಹೆನ್, ಮೇಡಂ ಹೋದರೆ ನಿನಗೆ ಕಥೆ ಎಲ್ಲಿಂದ? ಈ ಕೊನೆಯದು ನಡೆದರೆ ಹಳೆಯದನ್ನೆಲ್ಲ ಹೊಸದಾಗಿ ತೆಗೆಯೋಣ, ನಿನ್ನ ಊರಿನದ್ದೂ ಮಾಡೋಣ, ವೀಸಾ ಮುಂದುವರಿಸುತ್ತೇನೆ. ನಡೆಯದಿದ್ದರೆ ಕನ್ನಡ ಖಲಾಸ್." ವಾಣಿ ಆಗ ಹತ್ತನೆಯ ಕ್ಲಾಸು. ಇನ್ನೂ ಎರಡು ವರ್ಷ ಬೇಕಿತ್ತು.

ಆ ಕೊನೆಯ ಕಥೆ ಬಿಳಿಕುದುರೆಯ ರಾಣಿಯದ್ದೇ. ಮದುವೆಯಾಗಿ, ಬಹಳ ಕಾಲದ ಮೇಲೆ ಗಂಡು ಮಗು ಹುಟ್ಟುತ್ತದೆ. ಕಾವಲಿಗೆ ಕೂತ ದಾಸಿಯರು ನಿದ್ದೆಹೋಗುತ್ತಾರೆ. ಎದ್ದು ನೋಡಿದರೆ ತೊಟ್ಟಿಲು ಖಾಲಿ. ತಮ್ಮ ಜೀವ ಹೋಗುತ್ತದೆಂದು ಹೆದರಿ, ನಾಯಿಮರಿಗಳನ್ನು ಕೊಂದು, ಮಲಗಿದ್ದ ರಾಣಿಯ ಮುಖಕ್ಕೆ ರಕ್ತ ಬಳಿದು, "ತಾಯಿಯೇ ಮಗುವನ್ನು ತಿಂದಳು," ಎನ್ನುತ್ತಾರೆ. ರಾಣಿಗೆ ಶಿಕ್ಷೆಯಾಗುತ್ತದೆ. ಅರಮನೆಯ ಹೆಬ್ಬಾಗಿಲಲ್ಲಿ ಕೂತು, ಬಂದ ಪ್ರತಿಯೊಬ್ಬ ಅಪರಿಚಿತನಿಗೂ ತನ್ನ ಕಥೆ ತಾನೇ ಹೇಳಿ, ಅವನನ್ನು ಬೆನ್ನ ಮೇಲೆ ಹೊತ್ತು ಒಳಗೆ ಒಯ್ಯುತ್ತೇನೆ ಎನ್ನಬೇಕು. ಕೆಲವು ವರ್ಷಗಳ ನಂತರ, ದೂರದ ಊರಿನಲ್ಲಿ ಕುದುರೆ ಲಾಯದ ಬಾಗಿಲಲ್ಲಿ ಸಿಕ್ಕಿದ ಮಗುವನ್ನು ಸಾಕಿದವರು ಅದರ ಮುಖದಲ್ಲಿ ರಾಜನ ಮುಖ ಕಂಡು ತಂದು ಒಪ್ಪಿಸುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

"ದಾಸಿಯರು?" ಎಂದು ಕೇಳಿದೆ.

"ಅವರ ಸುದ್ದಿ ಇಲ್ಲ," ಎಂದರು ಮೇಡಂ.

ಕಾಂತಿಭಾಯಿ ಕೇಳಿ, "ಅರೇ! ಅವರನ್ನು ಆನೆ ಕಾಲಿಗೆ ಹಾಕಿಸು. ಪಬ್ಲಿಕ್‌ಗೆ ಸಜಾ ಬೇಕು," ಎಂದರು. ನಾನು ಎಂದಿನಂತೆ ತಲೆ ತಗ್ಗಿಸಿ ನಿಂತೆ. ಅವರು ಅದನ್ನು ಒಪ್ಪಿಗೆ ಎಂದುಕೊಂಡರು.

ಎರಡು ದಿನ ಆ ದಾಸಿಯರು ನನ್ನ ತಲೆಯಿಂದ ಇಳಿಯಲಿಲ್ಲ. ಮಸ್ಕತ್‌ನಲ್ಲಿ ನಾನು ಬದುಕಿದ್ದೇ ಅಂಥವರ ನಡುವೆ. ಮನೆಯೊಡತಿಯ ಉಂಗುರ ಕಾಣದಿದ್ದರೆ, ಮಗು ಬಿದ್ದು ಹಣೆ ಊದಿದರೆ, ಒಂದು ಮಾತಿಗೆ ವಿಮಾನ ಹತ್ತಿಸಿದ್ದನ್ನು ಕಂಡಿದ್ದೆ. ಊರಲ್ಲಿ ಒಂದು ಮನೆ ಪೂರ್ತಿ ಆ ಒಬ್ಬಳ ಮೇಲೆ ನಿಂತಿರುತ್ತದೆ. ನಿದ್ದೆಗೆ ಜಾರಿ ಎಚ್ಚರಾದಾಗ ತೊಟ್ಟಿಲು ಖಾಲಿ ಕಂಡವಳ ಹೆದರಿಕೆ ನನಗೆ ಗೊತ್ತಿತ್ತು. ರಾಣಿಯ ಸಂಕಟ ಎಲ್ಲರಿಗೂ ಗೊತ್ತಾಗುತ್ತದೆ. ಇವರದ್ದನ್ನು ಯಾರು ಹೇಳಬೇಕು?

ಮೂರನೆಯ ದಿನ ಗೋಡೆಗೆ ಹೇಳುವಾಗ, ದಾಸಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು ಎದ್ದು ಬಂದಳು. ಅವಳು ದಿನವೂ ಹೆಬ್ಬಾಗಿಲಿಗೆ ರಾಣಿಗೆ ಕುಡಿಯಲು ನೀರು ಒಯ್ಯುತ್ತಾಳೆ. ಹೇಳಬೇಕೆಂದು ಬಾಯಿ ತೆರೆಯುತ್ತಾಳೆ, ಆಗುವುದಿಲ್ಲ. ಚೊಂಬು ಇಟ್ಟು ವಾಪಸು ಹೋಗುತ್ತಾಳೆ. ರಾಣಿ ನೀರು ಕುಡಿದು ಚೊಂಬನ್ನು ತೊಳೆದು ಇಡುತ್ತಾಳೆ. ಮಗ ಸಿಕ್ಕಿದ ದಿನ ದಾಸಿಯರು ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಾರೆ. ರಾಣಿ ಮಗನನ್ನು ಎತ್ತಿಕೊಂಡು ಅವರ ಮುಂದೆ ನಿಂತು ನೋಡುತ್ತಾಳೆ. ನಾನು ಅಲ್ಲಿಗೆ ನಿಲ್ಲಿಸಿದೆ. ಆನೆಯೂ ಇಲ್ಲ, ಫಲವೂ ಇಲ್ಲ.

ವಾಣಿ ಇಂಗ್ಲಿಷಿನಲ್ಲಿ ಹೇಳಿದಾಗ ಗ್ವೆನ್ ಮೇಡಂ ಮೊದಲ ಬಾರಿಗೆ ನನ್ನ ಮೇಲೆ ಸಿಟ್ಟಾದರು. "ನೀರಿನ ಹುಡುಗಿ ಎಲ್ಲಿಂದ ಬಂದಳು? ಇದು ನಮ್ಮ ಕಥೆಯಲ್ಲ." ಕಾರು ಓಡಿಸಿಕೊಂಡು ಹೋದರು. ಮರುದಿನ ಬಂದು ಬಟ್ಟೆಯ ಥಾನಿನ ಮೇಲೆ ಕೂತು, "ಇರಲಿ ಬಿಡು. ಆದರೆ ಯಾರಾದರೂ ಕೇಳಿದರೆ ಆ ಹುಡುಗಿ ಕುಂದಾಪುರದವಳು ಎಂದು ಹೇಳು. ನನ್ನ ಅಜ್ಜಿಯ ಮೇಲೆ ಹಾಕಬೇಡ," ಎಂದರು.

ಕಾಂತಿಭಾಯಿಗೂ ವಿಷಯ ತಿಳಿಯಿತು. "ಸಜಾ ಹಾಕು ಎಂದೆನಲ್ಲ?"

ಅವರ ಚಪ್ಪಲಿಯನ್ನೇ ನೋಡುತ್ತಾ, "ಹಾಕುವುದಿಲ್ಲ, ಭಾಯಿ," ಎಂದೆ. ಅದನ್ನು ಹೇಳಿದವಳು ನಾನೇ ಎಂದು ನನಗೇ ನಂಬಿಕೆಯಾಗಲಿಲ್ಲ.

"ಶುಕ್ರವಾರ ಮುಖ ನೋಡೋಣ," ಎಂದರು ಅವರು. "ಮುಖ ಹೇಳಿದ ಹಾಗೆ."

ಆ ಶುಕ್ರವಾರ ಅಂಗಡಿ ತುಂಬಿತ್ತು. ಹೆಚ್ಚಿನವರು ಆಯಾಗಳು, ಆಸ್ಪತ್ರೆಯ ಕ್ಲೀನರುಗಳು. ಲೀನಾ ಬಾಯಿಯೂ ಇದ್ದರು. ಕ್ಯಾಸೆಟ್ ಓಡಿತು. ದಾಸಿಯರು ರಕ್ತ ಬಳಿದಾಗ ಯಾರೋ "ಅಯ್ಯೋ ದೇವರೆ" ಎಂದರು. ರಾಣಿ ಹೆಬ್ಬಾಗಿಲಲ್ಲಿ ಕೂತಾಗ ಮೂಗು ಒರೆಸುವ ಸದ್ದು. ಚೊಂಬಿನ ಹುಡುಗಿ ಬಂದಾಗ ಯಾರೋ ಮಗುವಿಗೆ "ಶ್" ಎಂದರು. ಕಥೆ ಮುಗಿದು ಕ್ಯಾಸೆಟ್ ಟಕ್ ಎಂದು ನಿಂತಿತು. ಯಾರೂ ನಗಲಿಲ್ಲ, ಯಾರೂ ಚೆನ್ನಾಗಿದೆ ಎನ್ನಲಿಲ್ಲ. ಪರದೆಯ ಹಿಂದೆ, ಕನ್ನಡ ಖಲಾಸ್ ಎಂದುಕೊಂಡೆ. ವಾಣಿಯ ಶಾಲೆಯ ಗೇಟು ಕಣ್ಣ ಮುಂದೆ ಬಂತು.

ಆಗ ಒಬ್ಬಳು ದಪ್ಪ ದನಿಯಲ್ಲಿ, "ಆ ರಂಡೆಯರಿಗೆ ಎರಡು ಬಾರಿಸಬೇಕಿತ್ತು!" ಎಂದಳು.

"ಯಾಕೆ ಬಾರಿಸುದು? ಹೆದರಿದ್ರು ಪಾಪ," ಎಂದಳು ಇನ್ನೊಬ್ಬಳು.

"ಹೆದರಿದ್ರೆ ತಾಯಿ ಮೇಲೆ ಹಾಕುದಾ? ನೀನಾದ್ರೆ ಹಾಕ್ತಿದ್ಯಾ?"

"ನಾನಾದ್ರೆ... ನನ್ನನ್ನೆಂತಕ್ಕೆ ಕೇಳ್ತಿ? ನಿಮ್ಮ ಮೇಡಂನ ಮಗುವಿಗೆ ಜ್ವರ ಬಂದಾಗ ಥರ್ಮಾಮೀಟರ್ ಒಡ್ದದ್ದು ಯಾರಂತ ಹೇಳಿದ್ಯಾ ನೀನು?"

"ಏಯ್, ಅದೆಲ್ಲ ಇಲ್ಲಿ ತರ್ಬೇಡ!"

ಅಂಗಡಿ ಎರಡು ಪಾಲಾಯಿತು. ಅರ್ಧ ಜನ ರಾಣಿಯ ಕಡೆ, ಅರ್ಧ ಜನ ದಾಸಿಯರ ಕಡೆ. ತುಳು, ಕೊಂಕಣಿ, ಕನ್ನಡ ಎಲ್ಲ ಸೇರಿ ಸೂಕ್‌ನ ಓಣಿಯಲ್ಲಿ ಹೋಗುವವರು ಇಣುಕಿ ನೋಡಿದರು. ಕಾಂತಿಭಾಯಿ ಗಾಬರಿಯಿಂದ ಎದ್ದು, "ಕ್ಯಾ ಹುವಾ? ಝಗಡಾ ಕ್ಯೂಂ?" ಎಂದು ನನ್ನ ಪರದೆಯನ್ನೇ ಎಳೆದರು. ಎಲ್ಲರ ಎದುರಿಗೆ ನಾನು, ಹಿಂದೆ ಗೋಡೆ.

ಲೀನಾ ಬಾಯಿ ನನ್ನನ್ನು ಕಂಡರು. ಗುಂಪನ್ನು ಸರಿಸಿ ಮುಂದೆ ಬಂದರು. "ಹೇಳಿದ್ದು ನೀವೇ ಅಲ್ವಾ? ನನಗೆ ಒಂದು ಹೇಳಿ. ರಾಣಿ ಕ್ಷಮೆ ಕೊಟ್ಲೋ ಬಿಟ್ಲೋ, ಅದು ಬೇಡ. ಮರುದಿನ ಆ ಹುಡುಗಿಯರಿಗೆ ಕೆಲಸ ಇತ್ತಾ?"

ಗದ್ದಲ ನಿಂತಿತು. ಅಷ್ಟು ಕಣ್ಣುಗಳು ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಕಥೆ ಕೇಳಿದ ಮುಖಗಳನ್ನು ನಾನೂ ಅಂದೇ ಮೊದಲು ನೋಡಿದ್ದು. ಬಾಯಿ ಕಟ್ಟಲಿಲ್ಲ.

"ಇತ್ತು," ಎಂದೆ. "ಮರುದಿನ ಬೆಳಿಗ್ಗೆ ಆ ಚಿಕ್ಕವಳೇ ಮಗುವನ್ನು ಮೀಯಿಸಿದ್ದು. ರಾಣಿ ಪಕ್ಕದಲ್ಲೇ ಕೂತಿದ್ದಳು, ಕಣ್ಣು ಮುಚ್ಚಲಿಲ್ಲ. ಆದರೆ ಕೆಲಸದಿಂದ ತೆಗೆಯಲಿಲ್ಲ."

ಲೀನಾ ಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ಹಾಗಾದ್ರೆ ಅದನ್ನೂ ಕ್ಯಾಸೆಟ್ಟಿಗೆ ಹಾಕಿ. ನನಗೆ ಎರಡು ಬೇಕು," ಎಂದರು.

ಕಾಂತಿಭಾಯಿ ನನ್ನ ಕಡೆ ತಿರುಗಿ, "ಕ್ಯಾ ಬೋಲಿ ವೋ?" ಎಂದು ಕೇಳಿದರು. ನಾನು ಲೀನಾ ಬಾಯಿಯ ಪ್ರಶ್ನೆಯನ್ನು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವರು ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತು, ಇನ್ನೂ ವಾದ ಮಾಡುತ್ತಿದ್ದ ಆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿ, "ಯಲ್ಲಾ, ಛಾಪೋ," ಎಂದರು. ನನಗೆ, "ನಾಳೆ ಬರುವಾಗ ವೀಸಾಕ್ಕೆ ಪಾಸ್‌ಪೋರ್ಟ್ ತೆಗೆದುಕೊಂಡು ಬಾ. ಮಗಳದ್ದೂ ತಾ."